ರಾಜಮುದ್ರೆ ಯಾರ ಕೈಯಲ್ಲಿ? ಎಳೆಯ ಅರಸರ ಪರವಾಗಿ ಆಳಿದವರ ಲೆಕ್ಕಾಚಾರ

ಪ್ರಶ್ನೆ: ನಮ್ಮ ಮನೆ ಬಸವನಗುಡಿಯಲ್ಲಿ. ದಿನಾ ವಾಣಿವಿಲಾಸ ರಸ್ತೆಯಲ್ಲೇ ಓಡಾಟ. ವಾಣಿವಿಲಾಸ ಸನ್ನಿಧಾನ ಅಂದರೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಮಗನ ಪರವಾಗಿ ‘ರೀಜೆಂಟ್’ ಆಗಿ ಆಳಿದವರು ಎಂದು ಮಗಳಿಗೆ ಹೇಳಿದೆ. “ಹಾಗಾದರೆ ಆ ಏಳು ವರ್ಷ ಮೈಸೂರಿಗೆ ರಾಜ ಯಾರು?” ಅಂತ ಕೇಳಿಬಿಟ್ಟಳು. ನನಗೆ ಗೊತ್ತಾಗಲಿಲ್ಲ. ರೀಜೆಂಟ್‌ಗೆ ನಿಜವಾಗಿ ಎಷ್ಟು ಅಧಿಕಾರ? ಕೆಲವರು ಸಲೀಸಾಗಿ ಬಿಟ್ಟುಕೊಟ್ಟರು, ಕೆಲವರು ತಾವೇ ಕೂತುಬಿಟ್ಟರು. ಇದು ಬರೀ ಅವರವರ ಗುಣವೇ? ಹಳೆಯ ಶಾಸನ ನೋಡಿದಾಗ ರೀಜೆಂಟರನ್ನು ಗುರುತಿಸುವುದು ಹೇಗೆ?

ಉತ್ತರ: ಮಗಳ ಪ್ರಶ್ನೆಗೆ ಮೊದಲು. ರಾಜ ಆ ಹುಡುಗನೇ. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್ 28ರಂದು ಕಲ್ಕತ್ತದಲ್ಲಿ ಗಂಟಲಮಾರಿ ತಗುಲಿ ತೀರಿಕೊಂಡರು. ಹಿರಿಯ ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. 1895ರ ಫೆಬ್ರವರಿ 1ರಂದು ಅವರಿಗೆ ಪಟ್ಟವಾಯಿತು. ಅಲ್ಲಿಗೆ ಮೈಸೂರಿಗೆ ನಾಲ್ವಡಿ ಕೃಷ್ಣರಾಜ ಒಡೆಯರೇ ಮಹಾರಾಜರು. ಪಟ್ಟ ಬೇರೆ, ಅಧಿಕಾರ ಬೇರೆ. ಪಟ್ಟ ಹುಟ್ಟಿನಿಂದ ಬರುತ್ತದೆ, ಅದಕ್ಕೆ ವಯಸ್ಸಿನ ಹಂಗಿಲ್ಲ. ಅಧಿಕಾರ ವಯಸ್ಸಿಗೆ ಬಂದಮೇಲೆ. ಇವೆರಡರ ನಡುವಿನ ತೆರಪನ್ನು ತುಂಬುವವರೇ ರೀಜೆಂಟ್, ಕನ್ನಡದಲ್ಲಿ ರಾಜಪ್ರತಿನಿಧಿ. ಸಿಂಹಾಸನ ಅವರದಲ್ಲ, ಸಹಿ ಮಾತ್ರ ಅವರದು.

ಸಹಿ ಮಾತ್ರ ಅಂದೆ, ಆದರೆ ರಾಜ್ಯ ನಡೆಯುವುದೇ ಸಹಿಯ ಮೇಲೆ. ಹಾಗಾಗಿ ನಿಮ್ಮ ‘ಗುಣವೇ?’ ಎಂಬ ಪ್ರಶ್ನೆಗೆ ನನ್ನ ಉತ್ತರ: ಗುಣಕ್ಕಿಂತ ಏರ್ಪಾಡು ಮುಖ್ಯ. ಯಾವ ಕಾಲದ ರೀಜೆನ್ಸಿಯನ್ನು ನೋಡುವಾಗಲೂ ನಾಲ್ಕು ವಿಷಯ ವಿಚಾರಿಸಿ. ಮಗು ಯಾರ ಮನೆಯಲ್ಲಿ ಬೆಳೆಯುತ್ತಿದೆ? ಬೊಕ್ಕಸದ ಬೀಗದ ಕೈ ಯಾರ ಹತ್ತಿರ? ಸೈನ್ಯಕ್ಕೆ ಸಂಬಳ ಕೊಡುವವರು ಯಾರು? ಈ ಏರ್ಪಾಡು ಮುಗಿಯುವ ದಿನವನ್ನು ಯಾರು ಗೊತ್ತುಮಾಡಿದ್ದಾರೆ? ನಾಲ್ಕೂ ಒಬ್ಬರ ಕೈಯಲ್ಲೇ ಇದ್ದರೆ ಆ ಮನುಷ್ಯ ಧರ್ಮರಾಯನಾಗಿದ್ದರೂ ಕಷ್ಟ. ಬೇರೆಬೇರೆ ಕೈಗಳಲ್ಲಿದ್ದರೆ ಸಾಧಾರಣ ಮನುಷ್ಯನೂ ಹೊತ್ತಿಗೆ ಸರಿಯಾಗಿ ಇಳಿಯುತ್ತಾನೆ.

1895ರ ಮೈಸೂರನ್ನು ಹೀಗೆ ಬಿಡಿಸಿ ನೋಡೋಣ. ಮಗು ತಾಯಿಯ ಬಳಿ. ರೀಜೆಂಟ್ ಪದವಿಯೂ ತಾಯಿಯದೇ. ಆದರೆ ದಿನದಿನದ ಆಡಳಿತ, ಹಣಕಾಸು ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಅವರ ಜೊತೆಗಿನ ರೀಜೆನ್ಸಿ ಕೌನ್ಸಿಲ್‌ನ ಕೈಯಲ್ಲಿ. ಮುಖ್ಯ ಕಡತಗಳು ಮಾತ್ರ ಮಹಾರಾಣಿಯವರ ಒಪ್ಪಿಗೆಗೆ ಹೋಗುತ್ತಿದ್ದವು. ಸೈನ್ಯದ ಮಾತೇ ಇಲ್ಲ, ಅದರ ಕೊನೆಯ ಮಾತು ಬ್ರಿಟಿಷರದು. ಹುಡುಗನ ಪಾಠಕ್ಕೆ ಸ್ಟುವರ್ಟ್ ಫ್ರೇಸರ್ ಎಂಬ ಐಸಿಎಸ್ ಅಧಿಕಾರಿ ಬಂದರು. ಮುಗಿಯುವ ದಿನವೂ ತೆರೆದ ಗುಟ್ಟು: ಹದಿನೆಂಟು ತುಂಬಿದಾಗ. 1902ರ ಜೂನ್ 4ಕ್ಕೆ ಹದಿನೆಂಟು ತುಂಬಿತು, ಆಗಸ್ಟ್ 8ರಂದು ವೈಸ್‌ರಾಯ್ ಕರ್ಜನ್ ಮೈಸೂರಿಗೆ ಬಂದು ಅಧಿಕಾರ ವಹಿಸಿಕೊಟ್ಟರು. ಮಹಾರಾಣಿ ಪಕ್ಕಕ್ಕೆ ಸರಿದರು. ಬ್ರಿಟಿಷರು ಇದನ್ನೇನೂ ಪುಣ್ಯಕ್ಕೆ ಮಾಡಲಿಲ್ಲ. ಅಪ್ರಾಪ್ತ ರಾಜನ ಕಾಲವೆಂದರೆ ಅವರ ರೆಸಿಡೆಂಟರ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ) ಮಾತಿಗೆ ಹೆಚ್ಚು ತೂಕ, ಅದು ಅವರಿಗೂ ಅನುಕೂಲವೇ.

ಆ ಏಳು ವರ್ಷ ಸುಮ್ಮನೆ ಕಾದು ಕೂತ ಕಾಲವೂ ಅಲ್ಲ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು, ಈಗಿನ ಅರಮನೆಯ ಕೆಲಸ ಶುರುವಾಯಿತು. ಅದೇ ವರ್ಷ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಮಹಾರಾಣಿಯವರೇ ಅಡಿಗಲ್ಲು ಹಾಕಿದರು. 1898ರಲ್ಲಿ ಊರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಗೆ ಬರುವಂತಾಗಿ ನಿಮ್ಮ ಬಸವನಗುಡಿ, ಅತ್ತ ಮಲ್ಲೇಶ್ವರ ಬೆಳೆದದ್ದು ಆ ಹೊತ್ತಿನಲ್ಲೇ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿದ್ದು 1902ರ ಜೂನ್‌ನಲ್ಲಿ, ಅಂದರೆ ರೀಜೆನ್ಸಿಯ ಕೊನೆಯ ವಾರಗಳಲ್ಲಿ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿಗೂ ಮಹಾರಾಣಿಯವರದೇ ಹೆಸರು. ಅವರ ಕಾಲದಲ್ಲಿ ಹಿಡಿದ ಆ ಕೆಲಸ ಮುಗಿದದ್ದು 1907ರಲ್ಲಿ. ರೀಜೆಂಟ್ ಅಂದರೆ ದೊಡ್ಡ ಖರ್ಚಿಗೆ ಕೈಹಾಕದೆ ಇರುವುದನ್ನು ಕಾಯುವವರು ಎಂಬ ಅಭಿಪ್ರಾಯ ಇದೆಯಲ್ಲ, ಅದಕ್ಕೆ ಈ ಪಟ್ಟಿಯೇ ಉತ್ತರ.

ಇದಕ್ಕೂ ಮುಂಚೆ ಮೈಸೂರು ಇದೇ ಆಟವನ್ನು ಎರಡು ಸಲ ಆಡಿತ್ತು. 1799ರಲ್ಲಿ ಟಿಪ್ಪು ಬಿದ್ದಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟಿದರು. ಮಗು ಅರಮನೆಯ ಹಿರಿಯ ರಾಣಿ ಲಕ್ಷ್ಮಮ್ಮಣ್ಣಿಯವರ ಮಡಿಲಲ್ಲಿ, ಬೊಕ್ಕಸ ಮತ್ತು ಕಂದಾಯ ದಿವಾನ್ ಪೂರ್ಣಯ್ಯನವರ ಕೈಯಲ್ಲಿ, ದೊಡ್ಡ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯದು. ಆ ಸೈನ್ಯಕ್ಕಾಗಿ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ (ಆಗಿನ ಚಿನ್ನದ ನಾಣ್ಯ) ಕಟ್ಟಬೇಕೆಂದು ಒಪ್ಪಂದ. ಹೈದರ್, ಟಿಪ್ಪು ಇಬ್ಬರ ಕೈಕೆಳಗೂ ಲೆಕ್ಕಪತ್ರ ನೋಡಿದ್ದ ಪೂರ್ಣಯ್ಯ ಬೊಕ್ಕಸವನ್ನು ತುಂಬಿಸಿಯೇ ಕೊಟ್ಟರು. ಆದರೆ ಇಳಿಯುವ ಹೊತ್ತು 1902ರಷ್ಟು ನಯವಾಗಿರಲಿಲ್ಲ. ಹುಡುಗ ಬೆಳೆದು ನಿಂತಿದ್ದ, ರಾಣಿ 1810ರಲ್ಲಿ ತೀರಿಕೊಂಡರು, ದಿವಾನರಿಗೂ ಅರಸರಿಗೂ ಇರುಸುಮುರುಸು ಬೆಳೆಯಿತು, 1811ರಲ್ಲಿ ಪೂರ್ಣಯ್ಯ ಕೆಳಗಿಳಿದರು, ಮರುವರ್ಷವೇ ತೀರಿಕೊಂಡರು. 1807ರಲ್ಲೇ ಅವರಿಗೆ ಯಳಂದೂರು ಜಹಗೀರು ಸಿಕ್ಕಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಇಳಿದು ಹೋಗುವವರಿಗೆ ಹೋಗಲು ಒಂದು ಜಾಗ ಬೇಕು. ಅದಿಲ್ಲದವರು ಕುರ್ಚಿಯನ್ನೇ ಅವುಚಿಕೊಳ್ಳುತ್ತಾರೆ.

ಎರಡನೆಯದು 1868ರದು, ಅದರಲ್ಲಿ ರೀಜೆಂಟರೇ ಇರಲಿಲ್ಲ. ಚಾಮರಾಜೇಂದ್ರರಿಗೆ ಐದು ವರ್ಷ, ರಾಜ್ಯ ಮೊದಲೇ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು, ಹಾಗೇ ಮುಂದುವರಿಯಿತು. 1881ರ ಫೆಬ್ರವರಿಯಲ್ಲಿ ಹದಿನೆಂಟು, ಮಾರ್ಚ್ 25ಕ್ಕೆ ಹಸ್ತಾಂತರ.

ಈಗ ಕೆಟ್ಟ ಉದಾಹರಣೆ. ನಾಲ್ಕೂ ಒಂದೇ ಕೈಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಜಯನಗರಕ್ಕಿಂತ ಸ್ಪಷ್ಟವಾದ ಪಾಠ ಇಲ್ಲ. 1542ರಲ್ಲಿ ಅಚ್ಯುತರಾಯ ತೀರಿಕೊಂಡಾಗ ಮಗ ವೆಂಕಟ ಇನ್ನೂ ಚಿಕ್ಕವನು. ಸೋದರಮಾವ ಸಲಕರಾಜು ತಿರುಮಲ ಕಾಪಾಡುವ ಹೆಸರಲ್ಲಿ ಒಳಗೆ ಬಂದು ಹುಡುಗನನ್ನೇ ಮುಗಿಸಿ ತಾನೇ ಕೂತ. ಕೃಷ್ಣದೇವರಾಯನ ಅಳಿಯ ರಾಮರಾಯ ಅವನನ್ನು ಸೋಲಿಸಿ, ಅಚ್ಯುತನ ಸೋದರನ ಮಗನಾದ ಸದಾಶಿವನಿಗೆ ಪಟ್ಟ ಕಟ್ಟಿದ. ಇಲ್ಲಿಯವರೆಗೆ ರಾಮರಾಯ ಒಳ್ಳೆಯವನೇ. ಆಮೇಲೆ ನೋಡಿ. ಅರಸ ಅವನ ಕಾವಲಲ್ಲಿ, ಬೊಕ್ಕಸ ಅವನದು, ದಂಡು ಅವನ ಮತ್ತು ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರದು. ಮುಗಿಯುವ ದಿನವನ್ನು ಯಾರೂ ಗೊತ್ತುಮಾಡಿರಲಿಲ್ಲ. ಸದಾಶಿವ ಬೆಳೆದು ದೊಡ್ಡವನಾದರೂ ರೀಜೆನ್ಸಿ ಮುಗಿಯಲೇ ಇಲ್ಲ, ಇಪ್ಪತ್ತೆರಡು ವರ್ಷ ನಡೆಯಿತು. ರಾಮರಾಯ ಸತ್ತ 1565ರ ಯುದ್ಧವಾಗಿ ಎರಡು ವರ್ಷಕ್ಕೆ, 1567ರಲ್ಲಿ, ವಿಜಯನಗರಕ್ಕೆ ಬಂದಿದ್ದ ವೆನಿಸ್‌ನ ವರ್ತಕ ಸೀಸರ್ ಫ್ರೆಡರಿಕ್ ಬರೆದಿಟ್ಟಿದ್ದಾನೆ: ಅರಸನನ್ನು ಸೆರೆಯಲ್ಲಿಟ್ಟುಕೊಂಡು ವರ್ಷಕ್ಕೊಮ್ಮೆ ಮಾತ್ರ ಪ್ರಜೆಗಳಿಗೆ ತೋರಿಸುತ್ತಿದ್ದರಂತೆ. ಜಾತ್ರೆಯ ಉತ್ಸವಮೂರ್ತಿಯ ಹಾಗೆ!

1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಕಾಳಗದಲ್ಲಿ ರಾಮರಾಯನ ತಲೆ ಹೋಯಿತು. ತಮ್ಮ ತಿರುಮಲ ರಾಜಧಾನಿ ಬಿಟ್ಟು ಓಡುವಾಗ ಏನೇನು ತೆಗೆದುಕೊಂಡ ಎಂಬುದು ಮುಖ್ಯ: ಆನೆಗಳ ಮೇಲೆ ಹೇರಿದ ಸಂಪತ್ತು, ಜೊತೆಗೆ ಸದಾಶಿವರಾಯ. ಹಂಪಿಯಷ್ಟು ದೊಡ್ಡ ಊರನ್ನು ಬಿಟ್ಟ, ಈ ಎರಡನ್ನು ಬಿಡಲಿಲ್ಲ. ಬೊಕ್ಕಸವೂ ಅರಸನೂ ಜೊತೆಯಲ್ಲಿದ್ದರೆ ಪೆನುಗೊಂಡೆಯಲ್ಲೂ ಸರ್ಕಾರ ನಡೆಯುತ್ತದೆ, ಇಲ್ಲದಿದ್ದರೆ ವಿಜಯನಗರದಲ್ಲೂ ನಡೆಯದು ಎಂಬ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೆಲವೇ ವರ್ಷಗಳಲ್ಲಿ ಅವನೇ ಪಟ್ಟ ಕಟ್ಟಿಸಿಕೊಂಡ.

ಸಾಮಾನ್ಯವಾಗಿ ಎದುರಾಗುವ ಇನ್ನೊಂದು ಅಪಾಯ, ಮಗು ಸತ್ತರೆ ಪಟ್ಟ ಯಾರಿಗೆ ಹೋಗುತ್ತದೋ ಅವನನ್ನೇ ರೀಜೆಂಟ್ ಮಾಡುವುದು. ಚಿಕ್ಕಪ್ಪಂದಿರ ಕತೆಗಳೆಲ್ಲ ಇಲ್ಲಿಯವೇ. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ 578ರಲ್ಲಿ ಹಾಕಿಸಿದ ಶಾಸನ ಓದಿದರೆ ಅಣ್ಣ ಕೀರ್ತಿವರ್ಮನ ಮೇಲೆ ಎಷ್ಟು ಭಕ್ತಿ ಎನಿಸುತ್ತದೆ. ಗುಹೆ ಕೊರೆಸಿದ ಪುಣ್ಯವೆಲ್ಲ ಅಣ್ಣನಿಗೇ ಸಲ್ಲಲಿ ಎನ್ನುತ್ತಾನೆ. ಅಣ್ಣ ಸತ್ತಾಗ ಅವನ ಮಗ ಪುಲಕೇಶಿ ಚಿಕ್ಕವನು, ರಾಜ್ಯ ಮಂಗಳೇಶನ ಕೈಗೆ ಬಂತು. (ಅವನು ಪ್ರತಿನಿಧಿಯಾಗಿ ಆಳಿದನೋ ನೇರವಾಗಿ ಅರಸನೇ ಆದನೋ ಎಂದು ವಿದ್ವಾಂಸರಲ್ಲಿ ಚರ್ಚೆ ಇದೆ.) ಹುಡುಗ ದೊಡ್ಡವನಾದಾಗ ಹಿಂದಿರುಗಿಸಲಿಲ್ಲ. ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಬರೆದ ಶಾಸನದ ಮಾತು ಚಾಟಿಯೇಟಿನಂಥದು: ತನ್ನ ಮಗನಿಗೆ ರಾಜ್ಯ ದಕ್ಕಿಸುವ ಪ್ರಯತ್ನ, ದೊಡ್ಡ ರಾಜ್ಯ, ತನ್ನ ಜೀವ, ಮೂರನ್ನೂ ಮಂಗಳೇಶ ಒಟ್ಟಿಗೇ ಕಳೆದುಕೊಂಡ. ಇಂಗ್ಲೆಂಡಿನಲ್ಲಿ 1483ರಲ್ಲಿ ಹನ್ನೆರಡು ವರ್ಷದ ಐದನೇ ಎಡ್ವರ್ಡ್‌ನ ರಕ್ಷಕನಾಗಿ ಬಂದ ಚಿಕ್ಕಪ್ಪ ಎರಡೇ ತಿಂಗಳಲ್ಲಿ ಮೂರನೇ ರಿಚರ್ಡ್ ಆಗಿ ಸಿಂಹಾಸನ ಏರಿದ. ಗುಣ ಹಾಳಾಗಲು ಎರಡು ತಿಂಗಳು ಸಾಕೇ? ಏರ್ಪಾಡೇ ಹಾಗಿತ್ತು.

ತಾಯಂದಿರನ್ನು ರೀಜೆಂಟ್ ಮಾಡುವುದರ ಹಿಂದೆ ಇರುವುದು ಮಮತೆಯ ಮೇಲಿನ ನಂಬಿಕೆ ಮಾತ್ರವಲ್ಲ, ಹೆಚ್ಚಿನ ವಂಶಗಳಲ್ಲಿ ರಾಣಿಗೆ ಸ್ವತಃ ಪಟ್ಟದ ಹಕ್ಕಿಲ್ಲ. ಮಗ ಬದುಕಿದ್ದರಷ್ಟೇ ಅವಳಿಗೆ ಸ್ಥಾನ. ಹಾಗಾಗಿ ಅವಳ ಲಾಭವೂ ಮಗುವಿನ ಆಯುಷ್ಯವೂ ಒಂದೇ. ಬಹಮನಿ ಸುಲ್ತಾನ ಹುಮಾಯೂನ್ 1461ರಲ್ಲಿ ತೀರಿದಾಗ ಬೀದರ್‌ನಲ್ಲಿ ಎಂಟು ವರ್ಷದ ಮಗನ ಪರವಾಗಿ ರಾಣಿ, ಖ್ವಾಜಾ ಜಹಾನ್, ಮಹಮೂದ್ ಗವಾನ್ ಮೂವರ ಕೂಟ ಆಳಿತು. ಖ್ವಾಜಾ ಜಹಾನ್ ಉಳಿದವರನ್ನು ಮೀರಿ ಬೆಳೆಯತೊಡಗಿದ. 1466ರಲ್ಲಿ ಅವನನ್ನು ಕೊಲ್ಲಿಸಿದರು. ಮೂರು ಕಾಲಿನ ಮಣೆಯ ಒಂದು ಕಾಲು ಉದ್ದವಾದರೆ ಕೂರಲಾಗುವುದಿಲ್ಲ, ಅವರು ಆ ಕಾಲನ್ನೇ ಕೊಯ್ದರು.

ಬಿಜಾಪುರದ್ದು ಇದಕ್ಕೆ ತಿರುಗುಮುರುಗು. 1580ರಲ್ಲಿ ಒಂದನೇ ಅಲಿ ಆದಿಲ್ ಶಾಹ ಕೊಲೆಯಾದಾಗ ವಾರಸುದಾರ ಇಬ್ರಾಹಿಂಗೆ ಒಂಬತ್ತು ವರ್ಷ. ಮಗುವಿನ ಪಾಲನೆ ಅಲಿಯ ಹೆಂಡತಿ ಚಾಂದ್ ಬೀಬಿಯದು, ಆಡಳಿತ ಮಾತ್ರ ಸರದಾರರದು. ಕಾಮಿಲ್ ಖಾನ್, ಕಿಶ್ವರ್ ಖಾನ್, ಇಖ್ಲಾಸ್ ಖಾನ್, ದಿಲಾವರ್ ಖಾನ್ ಹೀಗೆ ಒಬ್ಬರನ್ನೊಬ್ಬರು ತಳ್ಳುತ್ತಾ ಬಂದರು. ಕಿಶ್ವರ್ ಖಾನ್ ಅಂತೂ ಚಾಂದ್ ಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಕೂಡಿಹಾಕಿದ. ಅಧಿಕಾರ ಹಂಚುವುದು ಒಳ್ಳೆಯದು ಅಂದೆನಲ್ಲ, ಅದಕ್ಕೆ ಸೇರಿಸಬೇಕಾದ ಷರತ್ತು ಇದೇ: ಹಂಚಿಕೆಗೆ ಎಲ್ಲರೂ ಹೆದರುವ ಮಧ್ಯಸ್ಥರೊಬ್ಬರು ಬೇಕು. ಮೈಸೂರಿನಲ್ಲಿ ರೆಸಿಡೆಂಟ್ ಇದ್ದ, ಬಿಜಾಪುರದಲ್ಲಿ ಯಾರೂ ಇರಲಿಲ್ಲ. ಕೊನೆಗೆ ಬೆಳೆದ ಇಬ್ರಾಹಿಮನೇ ದಿಲಾವರ್ ಖಾನನನ್ನು ಓಡಿಸಿ ಅಧಿಕಾರ ಹಿಡಿಯಬೇಕಾಯಿತು.

ಗದ್ದಲವಿಲ್ಲದೆ ಕಳಿಸಲು ಹಿಂದಿನವರಿಗೆ ಗೊತ್ತಿದ್ದ ಒಂದು ಉಪಾಯ ತೀರ್ಥಯಾತ್ರೆ. 1556ರಲ್ಲಿ ಹದಿಮೂರು ವರ್ಷದ ಅಕ್ಬರನ ಪರವಾಗಿ ಆಳಿದ ಬೈರಾಂ ಖಾನನಿಗೆ 1560ರಲ್ಲಿ ಮೆಕ್ಕಾಗೆ ಹೋಗಿಬನ್ನಿ ಎಂಬ ಅಪ್ಪಣೆ ಬಂತು. ಅವನು ತಿರುಗಿಬಿದ್ದು, ಸೋತು, ಕ್ಷಮೆ ಪಡೆದು ಹೊರಟ. ಗುಜರಾತಿನ ಪಾಟಣದಲ್ಲಿ ಕೊಲೆಯಾದ.

‘ವಯಸ್ಸಿಗೆ ಬರುವುದು’ ಎಂದರೆ ಎಷ್ಟು ವಯಸ್ಸು ಎಂಬುದೂ ಒಂದೊಂದು ಕಡೆ ಒಂದೊಂದು. ಫ್ರಾನ್ಸಿನಲ್ಲಿ ಅರಸನಿಗೆ ಹದಿಮೂರು ತುಂಬಿದರೆ ಸಾಕು. ರೀಜೆಂಟರ ಕಾಲ ಮೊಟಕಾಗಲಿ ಎಂದೇ 1374ರಲ್ಲಿ ಆ ನಿಯಮ ಮಾಡಿದ್ದು. 1715ರಲ್ಲಿ ಹದಿನಾಲ್ಕನೇ ಲೂಯಿ ಸತ್ತಾಗ ಹದಿನೈದನೇ ಲೂಯಿಗೆ ಐದು ವರ್ಷ. ಮುದುಕ ಅರಸ ಉಯಿಲು ಬರೆದು, ರೀಜೆಂಟ್ ಆಗಬೇಕಿದ್ದ ಓರ್ಲಿಯಾನ್ಸ್ ಡ್ಯೂಕ್‌ನ ಕೈ ಕಟ್ಟಿಹಾಕಿದ್ದ. ಡ್ಯೂಕ್ ಮರುದಿನವೇ ಪ್ಯಾರಿಸ್ಸಿನ ನ್ಯಾಯಮಂಡಳಿಯಿಂದ ಆ ಉಯಿಲನ್ನು ರದ್ದು ಮಾಡಿಸಿದ. ಸತ್ತ ಅರಸನ ಮಾತು ಎಷ್ಟು ಹೊತ್ತು ನಡೆಯುತ್ತದೆ ಎಂಬುದಕ್ಕೆ ಇದೇ ಅಳತೆ.

ಈಗಿನ ಬ್ರಿಟನ್ನಿನ ಕಾನೂನು 1937ರದು, ಹಳೆಯ ತಪ್ಪುಗಳನ್ನೆಲ್ಲ ಮುಂದಿಟ್ಟುಕೊಂಡು ಬರೆದಂತಿದೆ. ಹದಿನೆಂಟು ತುಂಬದ ಅರಸನಿಗೆ ರೀಜೆಂಟ್ ತಾನಾಗಿಯೇ ಬರುತ್ತಾರೆ, ಯಾರೂ ಆರಿಸಬೇಕಿಲ್ಲ. ಅರಸ ದೊಡ್ಡವರಾಗಿದ್ದು ಕಾಯಿಲೆಯಿಂದ ಕೈಲಾಗದಿದ್ದರೆ ಐವರಲ್ಲಿ ಮೂವರು ಲಿಖಿತವಾಗಿ ಘೋಷಿಸಬೇಕು: ಅರಸರ ಪತಿ ಅಥವಾ ಪತ್ನಿ, ಲಾರ್ಡ್ ಚಾನ್ಸೆಲರ್, ಕಾಮನ್ಸ್ ಸಭೆಯ ಸ್ಪೀಕರ್, ಲಾರ್ಡ್ ಚೀಫ್ ಜಸ್ಟಿಸ್, ಮಾಸ್ಟರ್ ಆಫ್ ದಿ ರೋಲ್ಸ್. ವೈದ್ಯರ ಸಾಕ್ಷ್ಯವೂ ಬೇಕು. ಹೆಚ್ಚಿನ ಅಧಿಕಾರ ಕೊಟ್ಟರೂ ಮುಖ್ಯವಾದ ಒಂದು ಬಾಗಿಲಿಗೆ ಬೀಗ: ಪಟ್ಟ ಯಾರಿಗೆ ಹೋಗಬೇಕು ಎಂಬ ಕ್ರಮವನ್ನು ಬದಲಿಸುವ ಮಸೂದೆಗೆ ರೀಜೆಂಟ್ ಒಪ್ಪಿಗೆ ಹಾಕುವಂತಿಲ್ಲ. ಮಂಗಳೇಶ ಮಗನಿಗೆ ಮಾಡಲು ಹೊರಟದ್ದು ಇದನ್ನೇ.

ರಾಜ ದೊಡ್ಡವನಿದ್ದೂ ರೀಜೆಂಟ್ ಬಂದದ್ದು ನಮ್ಮಲ್ಲೂ ಉಂಟು. 1949ರಲ್ಲಿ ಕಾಶ್ಮೀರದ ಹರಿಸಿಂಗ್ ರಾಜ್ಯ ಬಿಟ್ಟು ಹೊರಟಾಗ ಹದಿನೆಂಟು ವರ್ಷದ ಮಗ ಕರಣ್ ಸಿಂಗ್ ರೀಜೆಂಟ್ ಆದರು. ಅಪ್ಪನ ಪರವಾಗಿ ಮಗ! ಇನ್ನು ಹಂಗೆರಿಯಲ್ಲಿ 1920ರಿಂದ 1944ರವರೆಗೆ ಹೋರ್ತಿ ಎಂಬ ನೌಕಾಧಿಪತಿ ರೀಜೆಂಟ್ ಆಗಿದ್ದ. ಸಿಂಹಾಸನದಲ್ಲಿ ರಾಜನೇ ಇರಲಿಲ್ಲ. ದೇಶಕ್ಕೆ ಸಮುದ್ರವೂ ಇರಲಿಲ್ಲ.

ದಳವಾಯಿಗಳನ್ನು ರೀಜೆಂಟ್ ಎನ್ನಬಹುದೇ ಎಂದು ಹಲವರು ಕೇಳುತ್ತಾರೆ. ಹದಿನೆಂಟನೇ ಶತಮಾನದ ಮೈಸೂರಿನಲ್ಲಿ ಕಳಲೆಯ ದೇವರಾಜಯ್ಯ, ನಂಜರಾಜಯ್ಯ ಆಳಿದ್ದು ನಿಜ, ಆದರೆ ಅವರದು ಸೇನಾಪತಿಯ ಹುದ್ದೆ. ವಯಸ್ಸಿಗೆ ಬಂದ ಅರಸರನ್ನೂ ಬೊಂಬೆ ಮಾಡಿದರು. ಅಧಿಕಾರ ಕಿತ್ತುಕೊಂಡವನನ್ನು ರೀಜೆಂಟ್ ಎನ್ನುವ ಅಗತ್ಯವಿಲ್ಲ.

ಶಾಸನದ ವಿಷಯಕ್ಕೆ ಬರೋಣ. ಮೊದಲು ‘ರಾಜ್ಯಂಗೆಯ್ಯುತ್ತಿರಲು’ ಎಂಬ ಮಾತಿನ ಹಿಂದೆ ಯಾರ ಹೆಸರಿದೆ ನೋಡಿ. ಪಟ್ಟದ ಅರಸ ಅವನೇ. ನಂತರ ದಾನ ಕೊಟ್ಟವರು ಯಾರು, ಯಾರ ವಿಜ್ಞಾಪನೆಯ ಮೇಲೆ ಕೊಟ್ಟರು ಎಂಬುದನ್ನು ಹುಡುಕಿ. ಸದಾಶಿವನ ಹೆಸರಲ್ಲಿ ಹೊರಟ ದಾನಗಳಲ್ಲಿ ‘ಕೋರಿಕೆ’ ರಾಮರಾಯನದು ಎಂದು ಕಂಡರೆ ಕೋರಿದವನೇ ಕೊಟ್ಟವನು ಎಂದು ತಿಳಿಯಿರಿ. ‘ಕಾರ್ಯಕ್ಕೆ ಕರ್ತರಾದ’ ಎಂಬ ಮಾತು ಕಂಡ ಕೂಡಲೇ ರೀಜೆಂಟ್ ಎಂದುಕೊಳ್ಳಬೇಡಿ. ವಿಜಯನಗರ ಕಾಲದಲ್ಲಿ ಸಣ್ಣ ಸೀಮೆಯ ಅಧಿಕಾರಿಗೂ ಅದನ್ನು ಬಳಸುತ್ತಿದ್ದರು, ಹೊಸಬರು ಎಡವುವುದು ಇಲ್ಲೇ. ಮೂರನೆಯದಾಗಿ ಮುದ್ರೆ ಮತ್ತು ವಂಶಾವಳಿ. ವಾಕಾಟಕ ರಾಜವಂಶದ ರಾಣಿ ಪ್ರಭಾವತಿ ಗುಪ್ತಳ ಪುಣೆ ತಾಮ್ರಪಟ ಇದಕ್ಕೆ ಅತ್ಯುತ್ತಮ ಮಾದರಿ. ಗಂಡ ಎರಡನೇ ರುದ್ರಸೇನ ತೀರಿಕೊಂಡಿದ್ದ, ಮಗ ದಿವಾಕರಸೇನ ಎಳೆಯ. ತಾಮ್ರಪಟದ ಕಾಲ 13ನೇ ವರ್ಷ, ಆದರೂ ಮಗನನ್ನು ಮಹಾರಾಜ ಎನ್ನದೆ ಯುವರಾಜ ಎಂದೇ ಕರೆದಿದೆ. ವಂಶಾವಳಿ ಶುರುವಾಗುವುದು ಗಂಡನ ಮನೆಯಿಂದಲ್ಲ, ತವರಿನ ಗುಪ್ತರಿಂದ. ಅಪ್ಪ ಎರಡನೇ ಚಂದ್ರಗುಪ್ತ! ಮುದ್ರೆಯ ಮೇಲೆ ‘ಜನನ್ಯಾ ಯುವರಾಜಸ್ಯ ಶಾಸನಂ’, ಅಂದರೆ ಯುವರಾಜನ ತಾಯಿಯ ಶಾಸನ. ಯಾರ ಪರವಾಗಿ ಆಳುತ್ತಿದ್ದಾಳೆ, ಯಾರ ಬಲದಿಂದ ಆಳುತ್ತಿದ್ದಾಳೆ, ಎರಡೂ ಒಂದೇ ತಾಮ್ರಪಟದಲ್ಲಿ ಸಿಗುತ್ತವೆ.

ಮಗಳು ಶಾಲೆಗೆ ಏನಾದರೂ ಬರೆಯುವುದಿದ್ದರೆ ಇಸವಿಯಲ್ಲಿ ಒಂದು ಎಚ್ಚರ. ನಾಲ್ವಡಿಯವರ ಆಳ್ವಿಕೆ ಕೆಲವು ಪುಸ್ತಕಗಳಲ್ಲಿ ತಂದೆ ತೀರಿಕೊಂಡ 1894ರಿಂದ, ಕೆಲವದರಲ್ಲಿ 1902ರಿಂದ ಎಂದಿರುತ್ತದೆ. ಎರಡೂ ಸರಿ, ಎಣಿಕೆ ಬೇರೆ. ಅವರ ಬೆಳ್ಳಿಹಬ್ಬ ನಡೆದದ್ದು 1927ರ ಆಗಸ್ಟಿನಲ್ಲಿ, ಅಂದರೆ ಆಗಿನ ಸರ್ಕಾರ ಎಣಿಸಿದ್ದು ಅಧಿಕಾರ ಬಂದ ದಿನದಿಂದ. ‘ಪಟ್ಟ 1895, ಅಧಿಕಾರ 1902, ನಡುವೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ರೀಜೆನ್ಸಿ’ ಎಂದು ಬರೆದರೆ ಯಾವ ಮೇಷ್ಟ್ರೂ ಅಂಕ ಕಳೆಯುವಂತಿಲ್ಲ.